ನಲ್ವತ್ತ ಸಾಲಿನ ಕೋಡು, ನಾಕ ಐತ್ವಾರದ ಬಿಲ್ಟಿ

ನಮ್ಮ ಪ್ರೆಸ್ಸಿನ್ಯಾಗ ಒಂದ್ ಹಳೇ ರೋಗ ಐತಿ, ಅದಕ್ಕ ನಾವು ಸೊನ್ನಿ ರೋಗ ಅಂತೇವಿ. ಹುಬ್ಬಳ್ಳಿ ದುರ್ಗದಬೈಲ್ ಹತ್ರ ಒಂದ್ ಓಣ್ಯಾಗ ಕುಂತು ಲಗ್ನಪತ್ರಿಕಿ, ಜಾತ್ರಿ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ ಇಂಥಾವೆಲ್ಲ ಮಾಡತೇವಿ, ಮ್ಯಾಟರ್ ಎಲ್ಲಾ ಈಗ ವಾಟ್ಸಾಪ್‌ನ್ಯಾಗ ಬರತೈತಿ, ಅದನ್ನ ಟೈಪ್ ಮಾಡಿದ ಪುಣ್ಯಾತ್ಮರು ಅನುಸ್ವಾರ ಹಾಕೂ ಕಡೆ ಕನ್ನಡ ಅಂಕಿ ಸೊನ್ನಿ ಹಾಕಿ ಕಳಸಿರತಾರ. ಅಂದ್ರ ‘ಹಂದರ’ ಅಂತ ಇರಬೇಕಾದದ್ದು ‘ಹ೦ದರ’ ಆಗಿರತೈತಿ. ನೋಡ್ರಿ, ಎರಡೂ ಒಂದ ಕಂಡಂಗ ಕಾಣತಾವ ಹೌದಿಲ್ಲೋ? ಕಂಪ್ಯೂಟರ್‌ಗೆ ಮಾತ್ರ ಒಂದಲ್ಲ. ಯೂನಿಕೋಡ್‌ನ್ಯಾಗ ಅನುಸ್ವಾರದ ನಂಬರ್ 3202, ಸೊನ್ನಿದು 3302, ಸರಿಯಾಗಿ ನೂರರ ಫರಕು. ಫೈಲಿನ್ಯಾಗ ಹಂದರ ಅಂತ ಹುಡುಕಿದ್ರ ಸಿಗಂಗಿಲ್ಲ, ಸದಸ್ಯರ ಯಾದಿ ಅಕಾರಾದಿ ಮಾಡಿದ್ರ ಒಬ್ಬ ಸಂಗಪ್ಪ ಮ್ಯಾಲ ಇನ್ನೊಬ್ಬ ಸಂಗಪ್ಪ ಎಲ್ಲೋ ಕೆಳಗ ಹೋಗಿ ಕುಂದರತಾನ, ಇನ್ನ ಫಾಂಟ್ ಬದ್ಲಿ ಮಾಡಿದ್ರಂತೂ ಸೊನ್ನಿ ಒಮ್ಮೆಲೆ ಉಬ್ಬಿ ಗಿರಾಕಿ ಮುಂದ ಮಾನ ಕಳೀತೈತಿ.

ಇದಕ್ಕ ಔಷಧ ಅಂತ ನಾನೊಂದ್ ಇಮ್ಯಾಕ್ಸ್ ಆಡ್‌ಆನ್ ಬರದೆ. ಇಮ್ಯಾಕ್ಸ್ ಅಂದ್ರ ಗೊತ್ತಲ್ಲ, 1985ರಾಗ ಜಿಎನ್‌ಯು ಅನ್ನೂ ಮುಕ್ತ ಸಾಫ್ಟ್‌ವೇರ್ ಯೋಜನಾ ಕಡಿಂದ ಹೊರಗ ಬಂದ ಟೆಕ್ಸ್ಟ್ ಎಡಿಟರ್, ಇವತ್ತಿಗೂ ಗಟ್ಟಿ ಮುದುಕನಂಗ ಓಡಾಡಕೊಂಡ ಐತಿ. ಅದರಾಗ ಕನ್ನಡ ಬರ್ಯಾಕ ಇನ್‌ಸ್ಕ್ರಿಪ್ಟ್ ಮತ್ತ ಐಟ್ರಾನ್ಸ್ ಎರಡೂ ಕೀಲಿಮಣಿ ಮದ್ಲ ಹಾಕಿಟ್ಟಾರ, ಹೆಲೋ ಅನ್ನೂ ಫೈಲ್ ತಗದ್ರ ಜಗತ್ತಿನ ಭಾಷಾಗಳ ನಡುವ ‘ನಮಸ್ಕಾರ’ನೂ ಐತಿ. ನನ್ನ ಆಡ್‌ಆನ್ ಹೆಸರು ಸೊನ್ನಿ. ಅದರ ಕೆಲಸ ಇಷ್ಟ: ಅಕ್ಷರಗಳ ನಡುವ ಸೊನ್ನಿ ಕಂಡ್ರ ಕೆಂಪ ಬಣ್ಣ ಹಚ್ಚೂದು, ಒಂದ್ ಕೀ ಒತ್ತಿದ್ರ ಅನುಸ್ವಾರ ಮಾಡೂದು, ಮಗ್ಗಲಕ್ಕ ಅಂಕಿ ಇತ್ತಂದ್ರ ಸುಮ್ನ ಬಿಡೂದು. ನಲ್ವತ್ತ ಸಾಲು. ಒಂದ್ ಸಂಜಿ ಮುಂದ ಚಾ ಕುಡಕೋತ ಬರದ ಮುಗಿಸಿದೆ.

ಆಮ್ಯಾಲ ಶುರು ಆತು ನೋಡ್ರಿ ಪೆನ್‌ಡ್ರೈವ್ ಸಂಸಾರ. ಪ್ರೆಸ್ಸಿನ್ಯಾಗ ಐದ ಮಷಿನ್ ಅದಾವ, ಐದಕ್ಕೂ ಡೆಬಿಯನ್ ಅನ್ನೂ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕೇವಿ (ಮಾಲಕರಿಗೆ ಲೈಸೆನ್ಸಿಗೆ ರೊಕ್ಕ ಕೊಡೂದಂದ್ರ ಜೀವಕ್ಕ ಬರತೈತಿ, ಅದು ನಮಗ ಚಲೋನ ಆತು), ಎರಡಕ್ಕ ನೆಟ್ ಇಲ್ಲ. ಒಂದೊಂದಕ್ಕ ಫೈಲ್ ಕಾಪಿ ಹೊಡದು ಬಂದೆ, ಮರುದಿನ ಒಂದ್ ತಪ್ಪ ತಿದ್ದಿ ಮೂರಕ್ಕ ಮಾತ್ರ ಹಾಕಿದೆ, ಇನ್ನೆರಡ ಮರತೆ. ಹದಿನೈದ ದಿನ ಬಿಟ್ಟು ಮೂಲ್ಯಾಗಿನ ಮಷಿನ್ ಮ್ಯಾಲ ಕುಂದ್ರೂ ಅಕ್ಕಾರು ಕರದು, ‘ತಮ್ಮಾ, ಇಲ್ಲಿ ಬಾ ಇಲ್ಲಿ, ನಿನ್ನ ಸೊನ್ನಿ ನನ್ನ ೧೦ನೇ ತಾರೀಖನ್ನ ೧ಂ ಮಾಡೇತಿ, ಇನ್ನೊಂದ ತಾಸು ಬಿಟ್ಟಿದ್ರ ಪ್ಲೇಟಿಗೆ ಹೋಗಿತ್ತು’ ಅಂದ್ರು. ತಿದ್ದಿದ ತಪ್ಪ ಅದು, ಅವರ ಮಷಿನ್ನಿಗೆ ಮುಟ್ಟಿರಲಿಲ್ಲ ಅಷ್ಟ. ಆವತ್ತ ಧಾರವಾಡಕ್ಕ ಚಿಗರಿ ಬಸ್ಸಿನ್ಯಾಗ ಹೊಂಟಾಗ ಉಣಕಲ್ ಕೆರಿ ದಾಟೂದ್ರಾಗ ಠರಾಸಿದೆ, ಇದನ್ನ ಸರಿಯಾಗಿ ಡೆಬ್ ಪ್ಯಾಕೇಜ್ (ಡೆಬಿಯನ್ ಮಷಿನ್ನಿಗೆ ಸಾಫ್ಟ್‌ವೇರ್ ಕಟ್ಟಿ ಕಳಸೂ ಗಂಟು) ಮಾಡೂದ, ಆಪ್ಟ್ (ಆ ಗಂಟ ಬಿಚ್ಚಿ ಹಾಕೂ ಕಮಾಂಡು) ಕಡಿಂದ ಇನ್‌ಸ್ಟಾಲ್ ಆಗಬೇಕು, ಯಾವ ಮಷಿನ್ನಿನ್ಯಾಗ ಯಾವ ವರ್ಷನ್ ಐತಿ ಅಂತ ಒಂದ ಕಮಾಂಡಿಗೆ ತಿಳೀಬೇಕು.

ಒಂದ್ ಮಾತ ಮದ್ಲ ಹೇಳಿಬಿಡತೇನಿ. ನೀವ ಒಬ್ರ, ನಿಮ್ದ ಒಂದ ಮಷಿನ್ ಇದ್ರ ಈ ಉಸಾಬರಿ ಬ್ಯಾಡ್ರಿ. ಇಮ್ಯಾಕ್ಸ್ 24ರಿಂದ, ಅಂದ್ರ 2012ರಿಂದ, ಪ್ಯಾಕೇಜ್ ಹಾಕೂ ವ್ಯವಸ್ಥಾ ಅದರ ಹೊಟ್ಟ್ಯಾಗನ ಐತಿ, ಪ್ಯಾಕೇಜ್-ಇನ್‌ಸ್ಟಾಲ್-ಫೈಲ್ ಅಂತ ಕೊಟ್ಟು ಫೈಲ್ ತೋರಿಸಿದ್ರ ಮುಗೀತು. ಆದ್ರ ಅದು ಒಬ್ಬರ ಹೋಮ್ ಫೋಲ್ಡರಿಗೆ ಮಾತ್ರ ಹಾಕತೈತಿ. ನಮ್ಮಲ್ಲೆ ಒಂದೊಂದ ಮಷಿನ್ನಿಗೆ ಮೂರ ಮೂರ ಮಂದಿ ಲಾಗಿನ್ ಅದಾವ, ಪಾಳಿ ಪ್ರಕಾರ ಕುಂದರತಾರ, ಎಲ್ಲಾರಿಗೂ ಒಂದ ಸಲಕ್ಕ ಸಿಗಬೇಕಂದ್ರ ಡೆಬ್ ಬೇಕಾತು.

ಇನ್ನೊಂದ ಮಾತು, ಇಲ್ಲೆ ನಾನು ಫೈಲಿನ ಹೆಸರು, ಒಳಗಿನ ಶಬ್ದ ಎಲ್ಲಾ ಕನ್ನಡದಾಗ ಬರ್ಯಾಕತ್ತೇನಿ ಓದಾಕ ಸಲೀಸ ಆಗಲಿ ಅಂತ, ನೀವ ಖರೇ ಫೈಲಿನ್ಯಾಗ ಇಂಗ್ಲಿಷ್ ಅಕ್ಷರದಾಗನ ಹೊಡೀರಿ. ಡೆಬಿಯನ್ ಪ್ಯಾಕೇಜಿನ ಹೆಸರಿಗೆ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಪ್ಲಸ್, ಮೈನಸ್, ಚುಕ್ಕಿ ಇಷ್ಟ ನಡೀತಾವ. ಕನ್ನಡದಾಗ ಸೊನ್ನಿ ಅಂತ ಹೆಸರಿಡಬೇಕಂತ ನನಗ ಭಾಳ ಆಸೆ ಇತ್ತು, ಆಗಲಿಲ್ಲ.

ನಾನು ಮದ್ಲಿಗೆ ಮಾಡಿದ ತಪ್ಪ ಏನಂದ್ರ, ಗಡಿಬಿಡಿಲಿಂದ ಡೆಬಿಯನ್ ಅಂತ ಒಂದ್ ಫೋಲ್ಡರ್ ಮಾಡಿ ಅದರಾಗ ಕಂಟ್ರೋಲ್ ಫೈಲ್, ಅಂದ್ರ ಪ್ಯಾಕೇಜಿನ ಹೆಸರು ವಿವರ ಎಲ್ಲಾ ಇರೂ ಫೈಲು, ಬರ್ಯಾಕ ಕುಂತಿದ್ದು. ಕಂಟ್ರೋಲ್ ಫೈಲ್ ಖರೇ ಶುರು ಆಗೂದು ಅಲ್ಲೆ ಅಲ್ಲ. ಅದು ಶುರು ಆಗೂದು ನಿಮ್ಮ ಇಎಲ್ ಫೈಲಿನ (ಲಿಸ್ಪ್ ಅನ್ನೂ ಭಾಷಾದಾಗ ಬರದ ಆಡ್‌ಆನ್ ಕೋಡು ಇರೂ ಫೈಲು) ಮ್ಯಾಲಿನ ಹತ್ತ ಸಾಲಿನ್ಯಾಗ. ನಾವು ಅದನ್ನ ಕಮೆಂಟ್ ಅಂತ ತಿಳಕೊಂಡು ಕೈಬಿಟ್ಟಿರತೇವಿ, ಸೆಮಿಕೋಲನ್ ಇದ್ದಮ್ಯಾಲ ಮಷಿನ್ ಓದಂಗಿಲ್ಲ ಅಂತ. ಇಮ್ಯಾಕ್ಸ್ ಓದತೈತ್ರಿ! ಮದ್ಲನೇ ಸಾಲಿನ್ಯಾಗ ಮೂರ ಸೆಮಿಕೋಲನ್, ಫೈಲಿನ ಹೆಸರು, ಮೂರ ಅಡ್ಡಗೀಟು, ಒಂದ್ ಸಾಲಿನ ವಿವರಣಿ, ಅದರ ಬಾಜೂಕ ಲೆಕ್ಸಿಕಲ್-ಬೈಂಡಿಂಗ್ ಅಂತ ಇರಬೇಕು. ಕೆಳಗ ವರ್ಷನ್ ಅಂತ ಒಂದ್ ಸಾಲು, ಪ್ಯಾಕೇಜ್-ರಿಕ್ವಾಯರ್ಸ್ ಅಂತ ಒಂದ್ ಸಾಲು, ಅದರಾಗ ಇಮ್ಯಾಕ್ಸ್ 25.1 ಬೇಕು, ಇಂಥಾ ಲೈಬ್ರರಿ (ಬ್ಯಾರೆ ಮಂದಿ ಬರದಿಟ್ಟ ಕೋಡು) ಬೇಕು ಅಂತ ಕಂಸದಾಗ ಬರ್ಯೂದು. ಆಮ್ಯಾಲ ಕಾಮೆಂಟರಿ, ಕೋಡ್, ಕಡೀಕ ಪ್ರೊವೈಡ್, ಎಲ್ಲಾದಕ್ಕೂ ಕೊನಿಗೆ ‘ಈ ಫೈಲ್ ಇಲ್ಲಿಗೆ ಮುಗೀತು’ ಅನ್ನೂ ಅರ್ಥದ ಒಂದ್ ಸಾಲು. ನನ್ನ ಫೈಲಿನ್ಯಾಗ ಆ ಕೊನೀ ಸಾಲೂ ಇರಲಿಲ್ಲ, ವರ್ಷನ್ನೂ ಇರಲಿಲ್ಲ. ಇಮ್ಯಾಕ್ಸ್ ಕೊನೀ ಸಾಲ ಇಲ್ಲ ಅಂತ ಬಯ್ದು ಕೈಚೆಲ್ಲಿತು, ನಮ್ಮಲ್ಲಿ ಇರೂದು ಹಳೇ ಇಮ್ಯಾಕ್ಸ್, ಅದಕ್ಕ ಆ ಸಾಲ ಬೇಕ ಬೇಕು. ಆ ಸಾಲ ಹಾಕಿದೆ, ವರ್ಷನ್ ಹೆಡರ್ ಇಲ್ಲ ಅಂತ ಮತ್ತ ಬಯ್ತು.

ಯಾಕ ಇದನ್ನ ಇಷ್ಟ ಎಳದು ಹೇಳಾಕತ್ತೇನಿ ಅಂದ್ರ, ಡೆಬಿಯನ್ ಕಡೆ ಈ ಕೆಲಸಾ ಮಾಡೂ ಡಿಎಚ್-ಎಲ್ಪಾ ಅನ್ನೂ ಸಾಧನ ಐತಲ್ಲ, ಅದು ಈ ಹೆಡರನ್ನ, ಅಂದ್ರ ಮ್ಯಾಲಿನ ಹತ್ತ ಸಾಲನ್ನ, ಓದಿ ಮುಂದ ಸರೀತೈತಿ. ನೀವ ಅಲ್ಲಿ ಡ್ಯಾಶ್ ಅನ್ನೂ ಲೈಬ್ರರಿ ಬೇಕಂತ ಬರದ್ರ ಡೆಬಿಯನ್ ಪ್ಯಾಕೇಜು ತಾನ ಎಲ್ಪಾ-ಡ್ಯಾಶ್ ಮ್ಯಾಲ ಡಿಪೆಂಡ್ ಆಗತೈತಿ, ನೀವ ಎರಡನೇ ಸಲ ಬರ್ಯೂ ಹಂಗಿಲ್ಲ. ಹೆಡರಿನ್ಯಾಗ ಸುಳ್ಳ ಬರದ್ರ ಆ ಸುಳ್ಳ ಅಲ್ಲಿಂದ ಎಲ್ಲಾ ಕಡೆ ಹರೀತೈತಿ, ಅಲ್ಲೆ ಖರೇ ಇದ್ರ ಅರ್ಧ ಕೆಲಸ ಮುಗದಂಗ.

ನಮ್ಮ ಅಪ್ಪಾರು ಇಡೀ ಜನ್ಮ ಹುಬ್ಬಳ್ಳ್ಯಾಗ ಒಂದ್ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನ್ಯಾಗ ಬಿಲ್ಟಿ, ಅಂದ್ರ ಲಾರಿ ಮಾಲಿನ ಚೀಟಿ, ಬರದವರು. ಬ್ಯಾಡಗಿ ಮೆಣಸಿನಕಾಯಿ ಚೀಲ ಬಂದ್ವು ಅಂದ್ರ ಒಂದೊಂದ ಚೀಲದ ಮ್ಯಾಲ ಮಾರ್ಕಾ ಇರತಿತ್ತು, ಕೈಯಾಗಿನ ಬಿಲ್ಟಿ ಮ್ಯಾಲೂ ಅದ ಮಾರ್ಕಾ, ಎಷ್ಟ ನಗ, ಕಳಸಾವ್ರು ಯಾರು, ಇಳಿಸಿಕೊಳ್ಳಾವ್ರು ಯಾರು, ಬಾಡಿಗಿ ಕೊಟ್ಟಾಗೇತೋ ಅಲ್ಲೆ ಕೊಡತಾರೋ. ನಾನು ಕಂಟ್ರೋಲ್ ಫೈಲ್ ಮುಂದ ಕುಂತು ತಲಿ ಕೆರಕೊಳ್ಳೂದ ನೋಡಿ ಏನಲೇ ಅದು ಅಂತ ಬಂದು ಕುಂತ್ರು, ತೋರಿಸಿದೆ. ಚಷ್ಮಾ ಏರಿಸಿಕೊಂಡು ನೋಡಿ, ‘ಇದು ಬಿಲ್ಟಿ ಅಲ್ಲೇನೋ?’ ಅಂದ್ರು. ಆವತ್ತಿಂದ ನನ್ನ ತಲ್ಯಾಗ ಅದು ಬಿಲ್ಟಿನ.

ಆ ಬಿಲ್ಟ್ಯಾಗ ಎರಡ ಪ್ಯಾರಾ ಇರತಾವ. ಮದ್ಲಿಂದು ಸೋರ್ಸ್ ಪ್ಯಾರಾ, ಅಂದ್ರ ಮಾಲು ಕಟ್ಟೂ ಕಡೀದು. ಸೋರ್ಸ್ ಹೆಸರು, ಸೆಕ್ಷನ್ ಅಂತ ಒಂದ್ ಸಾಲು, ಇಮ್ಯಾಕ್ಸ್ ಆಡ್‌ಆನಿಗೆ ಅಲ್ಲಿ ಲಿಸ್ಪ್ ಅಂತ ಹಾಕಬೇಕು, ಪ್ರಯಾರಿಟಿ ಆಪ್ಷನಲ್, ಮೇಂಟೇನರ್ ಅಂತ ನಿಮ್ಮ ಹೆಸರು ಈಮೇಲು, ಪ್ಯಾಕೇಜ್ ಕಟ್ಟಾಕ ಬೇಕಾಗೂ ಸಾಧನಗಳ ಯಾದಿ ಅಂದ್ರ ಬಿಲ್ಡ್-ಡಿಪೆಂಡ್ಸ್‌ನ್ಯಾಗ ಡೆಬ್‌ಹೆಲ್ಪರ್-ಕಂಪ್ಯಾಟ್ 13 ಮತ್ತ ಡಿಎಚ್-ಎಲ್ಪಾ. ಎರಡನೇ ಪ್ಯಾರಾ ಬೈನರಿದು, ಅಂದ್ರ ಇಳಿಸಿಕೊಳ್ಳಾವ್ರ ಕಡೀದು. ಅಲ್ಲೆ ಪ್ಯಾಕೇಜ್ ಹೆಸರು ಎಲ್ಪಾ-ಸೊನ್ನಿ, ಈ ಎಲ್ಪಾ ಅನ್ನೂ ಅಡ್ಡಹೆಸರು ಡೆಬಿಯನ್‌ನ್ಯಾಗ ಇಮ್ಯಾಕ್ಸ್ ಆಡ್‌ಆನ್‌ಗಳಿಗೆಲ್ಲ ಮುಂದ ಹಚ್ಚೂ ಪದ್ಧತಿ. ಆರ್ಕಿಟೆಕ್ಚರ್ ಅಂದಲ್ಲೆ ‘ಆಲ್’ ಹಾಕಬೇಕು, ‘ಎನಿ’ ಅಲ್ಲ. ನಾನು ಎನಿ ಹಾಕಿದ್ದೆ, ಎಲ್ಲಾ ಮಷಿನ್ನಿಗೂ ನಡೀಲಿ ಅಂತ! ಎನಿ ಅಂದ್ರ ಒಂದೊಂದ ಥರದ ಪ್ರೊಸೆಸರ್‌ಗೆ ಬ್ಯಾರೆ ಬ್ಯಾರೆ ಬಿಲ್ಡ್ ಮಾಡು ಅಂತ ಅರ್ಥ, ಆಲ್ ಅಂದ್ರ ಒಂದ ಡೆಬ್ ಎಲ್ಲಾದಕ್ಕೂ ಸಾಕು ಅಂತ. ಲಿಸ್ಪ್ ಕೋಡಿಗೆ ಆಲ್ ಸಾಕಾಗತೈತಿ.

ಡಿಪೆಂಡ್ಸ್ (ಇದು ನಡ್ಯಾಕ ಬೇಕಾದ ಬ್ಯಾರೆ ಪ್ಯಾಕೇಜು) ಸಾಲಿನ್ಯಾಗ ಡಾಲರ್ ಚಿಹ್ನಿ ಹಾಕಿ ಹೂವಿನ ಕಂಸದಾಗ ಎಲ್ಪಾ ಕೋಲನ್ ಡಿಪೆಂಡ್ಸ್, ಮಿಸ್ಕ್ ಕೋಲನ್ ಡಿಪೆಂಡ್ಸ್ ಅಂತ ಎರಡ ಬರೀಬೇಕು. ಮದ್ಲ ನೋಡಿದಾಗ ಇದೇನ ಮಂತ್ರಾ ಅನಸ್ತೈತಿ. ಅವು ಖಾಲಿ ಮನಿ ಇದ್ದಂಗ, ಬಿಲ್ಡ್ ಆಗೂ ಮುಂದ ಡಿಎಚ್-ಎಲ್ಪಾ ಮತ್ತ ಡೆಬ್‌ಹೆಲ್ಪರ್ ಬಂದು ತುಂಬತಾವ, ಆಗ ಹೇಳಿದ್ನಲ್ಲ ಹೆಡರಿನ ಸಂಗ್ತಿ, ಅದು ಬಂದು ಕುಂದ್ರೂ ಜಾಗ ಇದ. ಇನ್ನ ಇಮ್ಯಾಕ್ಸನ್ನ ಡಿಪೆಂಡ್ಸ್‌ನ್ಯಾಗ ಹಾಕಂಗಿಲ್ಲ, ರೆಕಮೆಂಡ್ಸ್‌ನ್ಯಾಗ ಹಾಕೂದು, ಎನ್‌ಹ್ಯಾನ್ಸಸ್‌ನ್ಯಾಗೂ ಹಾಕೂದು.

ಈಗ ಡಿಸ್ಕ್ರಿಪ್ಷನ್. ನನ್ನ ಒಂದ್ ಇಡೀ ಐತ್ವಾರ ಇಲ್ಲೆ ಹೋತು. ಮದ್ಲನೇ ಸಾಲ ಸಣ್ಣ ವಿವರಣಿ, 80 ಅಕ್ಷರದ ಒಳಗ. ಅದರ ಕೆಳಗ ದೊಡ್ಡ ವಿವರಣಿ, ಅದರ ಒಂದೊಂದ ಸಾಲೂ ಒಂದ್ ಸ್ಪೇಸ್ ಬಿಟ್ಟು ಶುರು ಆಗಬೇಕು. ಇಲ್ಲಿತನಕ ಚಲೋನ ನಡೀತು. ನಡುವ ಒಂದ್ ಖಾಲಿ ಸಾಲ ಬಿಟ್ಟೆ, ಓದಾಕ ಚಂದ ಕಾಣ್ಲಿ ಅಂತ, ಪ್ರೆಸ್ಸಿನವರ ಚಟ ನೋಡ್ರಿ, ಪ್ಯಾರಾ ನಡುವ ಜಾಗ ಬಿಡದಿದ್ರ ನಮಗ ನಿದ್ದಿ ಬರಂಗಿಲ್ಲ. ಬಿಲ್ಡ್ ಹೊಡದೆ, ಯಾವ ಫೀಲ್ಡಿಗೂ ಸೇರದ ಮುಂದುವರಿದ ಸಾಲು ಅಂತ ಎರರ್. ಸಾಲು ಎಲ್ಲಿಂದ ಮುಂದುವರೀತು, ಎಲ್ಲಿಗೆ ಸೇರಬೇಕಾಗಿತ್ತು, ಒಂದೂ ತಿಳೀವಲ್ದು. ಎರಡ ತಾಸು ಹುಡುಕಿದೆ, ಅವ್ವ ಊಟಕ್ಕ ಕರದು ಕರದು ಸಾಕಾಗಿ ರೊಟ್ಟಿ ಬುಟ್ಟಿ ಮುಚ್ಚಿಟ್ಟಳು.

ಕಾರಣ ಏನಂದ್ರ, ಕಂಟ್ರೋಲ್ ಫೈಲಿನ್ಯಾಗ ಖಾಲಿ ಸಾಲಿಗೆ ಅರ್ಥ ಐತಿ, ಖಾಲಿ ಸಾಲು ಬಂತಂದ್ರ ಪ್ಯಾರಾ ಮುಗೀತು, ಮುಂದಿಂದು ಹೊಸಾ ಪ್ಯಾಕೇಜು ಅಂತ. ವಿವರಣ್ಯಾಗ ಖಾಲಿ ಸಾಲ ಬೇಕಂದ್ರ ಒಂದ್ ಸ್ಪೇಸ್ ಬಿಟ್ಟು ಒಂದ್ ಚುಕ್ಕಿ ಇಡಬೇಕು, ಅಷ್ಟ. ಇದನ್ನ ಅಪ್ಪಾರಿಗೆ ಹೇಳಿದೆ ಬ್ಯಾಸರಲಿಂದ, ಒಂದ್ ಚುಕ್ಕಿ ಸಲುವಾಗಿ ಇಡೀ ದಿನ ಹೋತು ಅಂತ. ಅವರು ನಗಲಿಲ್ಲ. ಬಿಲ್ಟ್ಯಾಗ ಖಾಲಿ ಮನಿ ಉಳದ್ರ ನಾವೂ ಗೀಟ ಹೊಡೀತಿದ್ವಿ, ಸುಮ್ನ ಬಿಡತಿರಲಿಲ್ಲ, ಬಿಟ್ರ ದಾರ್ಯಾಗ ಯಾರರ ಎರಡ ಚೀಲ ಹೆಚ್ಚ ಬರೀತಿದ್ರು ಅಂದ್ರು. ಖಾಲಿ ಬಿಟ್ಟದ್ದು ಮತ್ತ ಖಾಲಿ ಅಂತ ಬರದದ್ದು, ಎರಡೂ ಬ್ಯಾರೆ ಬ್ಯಾರೆ. ಮೂವತ್ತ ವರ್ಷ ಬಿಲ್ಟಿ ಬರದವರಿಗೆ ಇದು ಒಂದ ನಿಮಿಷದಾಗ ಹೊಳೀತು.

ರೂಲ್ಸ್ ಫೈಲ್, ಅಂದ್ರ ಪ್ಯಾಕೇಜ್ ಹೆಂಗ ಕಟ್ಟಬೇಕು ಅಂತ ಹೇಳೂ ಫೈಲು, ಅದರ ಬಗ್ಗೆ ಭಾಳ ಹೇಳೂದಿಲ್ಲ. ಮೂರ ಸಾಲು: ಮ್ಯಾಲ ಮೇಕ್ ಅನ್ನ ಕರ್ಯೂ ಸಾಲು, ಕೆಳಗ ಪರ್ಸೆಂಟ್ ಚಿಹ್ನಿ ಮತ್ತ ಕೋಲನ್, ಅದರ ಕೆಳಗ ಡಿಎಚ್ ಅನ್ನ ವಿತ್ ಎಲ್ಪಾ ಅಂತ ಓಡಸೂ ಸಾಲು. ಮೂರನೇ ಸಾಲಿನ ಮುಂದ ಟ್ಯಾಬ್ ಇರಬೇಕು, ಸ್ಪೇಸ್ ಅಲ್ಲ. ನಾನು ಒಂದ್ ಪಿಡಿಎಫ್‌ನಿಂದ ಕಾಪಿ ಹೊಡದಿದ್ದೆ, ಟ್ಯಾಬ್ ಹೋಗಿ ಎಂಟ ಸ್ಪೇಸ್ ಆಗಿತ್ತು, ಮಿಸ್ಸಿಂಗ್ ಸಪರೇಟರ್ ಅಂತ ನಿಂತಬಿಡ್ತು. ಸೊನ್ನಿ ಅನುಸ್ವಾರ ಬ್ಯಾರೆ ಬ್ಯಾರೆ ಅಂತ ಜಗತ್ತಿಗೆ ಉಪದೇಶ ಮಾಡಾಕ ಹೊಂಟಾಂವಾ ಟ್ಯಾಬ್ ಸ್ಪೇಸ್ ಗುರ್ತ ಹಿಡೀಲಿಲ್ಲ. ಬಿಲ್ಡ್-ಡಿಪೆಂಡ್ಸ್‌ನ್ಯಾಗ ಡಿಎಚ್-ಎಲ್ಪಾ ಬದ್ಲಿ ಡಿಎಚ್-ಸೀಕ್ವೆನ್ಸ್-ಎಲ್ಪಾ ಅಂತ ಹಾಕಿದ್ರ ಆ ವಿತ್ ಎಲ್ಪಾ ಅನ್ನೂದನ್ನೂ ಬಿಡಬಹುದು, ಈಗ ನಾನು ಹಂಗ ಮಾಡೇನಿ.

ಇದಕ್ಕೂ ಹಿಂದ, ಡಿಎಚ್-ಎಲ್ಪಾ ಇರಲಾರದ ಕಾಲಕ್ಕ, ಮಂದಿ ಇನ್‌ಸ್ಟಾಲ್ ಆಗೂ ಮುಂದ ಏನ ಮಾಡಬೇಕು, ತಗ್ಯೂ ಮುಂದ ಏನ ಮಾಡಬೇಕು, ಇಮ್ಯಾಕ್ಸ್ ಚಾಲೂ ಆದಾಗ ಏನ ಓದಬೇಕು ಅಂತ ಒಂದೊಂದಕ್ಕ ಒಂದೊಂದ ಸ್ಕ್ರಿಪ್ಟ್ ಕೈಯಿಂದ ಬರೀತಿದ್ರು. ಅವನ್ನ ಒಂದೆರಡ ಹಳೇ ಪ್ಯಾಕೇಜಿನ್ಯಾಗ ತಗದು ನೋಡಿದೆ, ಕೈ ಮುಗದು ಮುಚ್ಚಿದೆ.

ಚೇಂಜ್‌ಲಾಗ್ ಫೈಲ್ ನೋಡಾಕ ಡೈರಿ ಇದ್ದಂಗ ಇರತೈತಿ, ಆದ್ರ ಡೈರಿ ಅಲ್ಲ, ಪ್ಯಾಕೇಜಿನ ವರ್ಷನ್ ನಂಬರ್ ಡೆಬಿಯನ್ ಓದೂದು ಇದರಿಂದನ. ಮ್ಯಾಲ ಹೆಸರು, ಕಂಸದಾಗ 1.0-1 (1.0 ಕೋಡಿಂದು, ಅಡ್ಡಗೀಟಿನ ಆಚೆ ಇರೂ 1 ಪ್ಯಾಕೇಜಿಂಗಿಂದು), ನಡುವ ಎರಡ ಸ್ಪೇಸ್ ಬಿಟ್ಟು ನಕ್ಷತ್ರ ಹಾಕಿದ ಸಾಲು, ಕೆಳಗ ಒಂದ್ ಸ್ಪೇಸ್, ಎರಡ ಅಡ್ಡಗೀಟು, ಹೆಸರು, ಈಮೇಲು, ಆಮ್ಯಾಲ ತಾರೀಖು. ಈಮೇಲಿಗೂ ತಾರೀಖಿಗೂ ನಡುವ ಸರಿಯಾಗಿ ಎರಡ ಸ್ಪೇಸ್. ತಾರೀಖಿನ ಕೊನಿಗೆ +0530 ಅಂತ ನಮ್ಮ ಟೈಮು. ಇದನ್ನ ಕೈಯಿಂದ ಬರೀಬ್ಯಾಡ್ರಿ, ಡಿಸಿಎಚ್ ಅಂತ ಒಂದ್ ಕಮಾಂಡ್ ಐತಿ, ಅದ ಬರೀತೈತಿ, ಇಮ್ಯಾಕ್ಸ್‌ನ್ಯಾಗೂ ಇದಕ್ಕಂತನ ಒಂದ್ ಮೋಡ್ ಸಿಗತೈತಿ. ನಾನು ಹಟಕ್ಕ ಬಿದ್ದು ಕೈಯಿಂದ ಬರದೆ, ಒಂದ್ ಸ್ಪೇಸ್ ಕಡಿಮಿ ಬಿತ್ತು, ಕೊನೀ ಸಾಲ ಸರಿ ಇಲ್ಲ ಅಂತ ಬಯ್ಸಿಕೊಂಡೆ. ಅದಲ್ದ ಇಲ್ಲೆ 1.0 ಬರದೆ, ಇಎಲ್ ಹೆಡರಿನ್ಯಾಗ 0.9 ಹಂಗ ಉಳದಿತ್ತು. ಅಕ್ಕಾರಿಗೆ ಯಾವ ವರ್ಷನ್ ಐತ್ರಿ ಅಂತ ಫೋನಿನ್ಯಾಗ ಕೇಳಿದೆ, ಅವರು ಫೈಲ್ ತಗದು ಮ್ಯಾಲಿಂದ ಓದಿ 0.9 ಅಂದ್ರು, ಆಪ್ಟ್ ಕೇಳಿದ್ರ 1.0 ಅಂತಿತ್ತು. ಚೀಲದ ಮ್ಯಾಲ ಒಂದ್ ಮಾರ್ಕಾ, ಬಿಲ್ಟಿ ಮ್ಯಾಲ ಇನ್ನೊಂದು. ಇಂಥಾ ಮಾಲು ಬಂದ್ರ ಅಪ್ಪಾರು ಲಾರಿಂದ ಇಳಿಸಿಕೊಳ್ಳತಿರಲಿಲ್ಲಂತ.

ಸೋರ್ಸ್ ಫೋಲ್ಡರಿನ್ಯಾಗ ಫಾರ್ಮ್ಯಾಟ್ ಅಂತ ಒಂದ ಸಾಲಿನ ಫೈಲು. 3.0 ಕ್ವಿಲ್ಟ್ ಅಂತ ಹಾಕೂದೋ 3.0 ನೇಟಿವ್ ಅಂತ ಹಾಕೂದೋ ಅನ್ನೂದ ಪ್ರಶ್ನಿ. ನೇಟಿವ್ ಅಂದ್ರ ಕೋಡೂ ನಂದ, ಪ್ಯಾಕೇಜಿಂಗೂ ನಂದ, ಎರಡೂ ಒಂದ ಗಂಟು, ವರ್ಷನ್ನಿನ್ಯಾಗ ಅಡ್ಡಗೀಟಿನ ನಂಬರ್ ಇರಂಗಿಲ್ಲ. ಕ್ವಿಲ್ಟ್ ಅಂದ್ರ ಮೂಲ ಕೋಡಿನ ಟಾರ್ ಫೈಲ್ (ಫೈಲುಗಳನ್ನ ಕಟ್ಟಿದ ಗಂಟು) ಬ್ಯಾರೆ, ಡೆಬಿಯನ್ ಫೋಲ್ಡರ್ ಬ್ಯಾರೆ. ನಾನು ಕ್ವಿಲ್ಟ್ ಹಾಕಿ ಟಾರ್ ಫೈಲ್ ಇಡೂದ ಮರತೆ, ಅಪ್‌ಸ್ಟ್ರೀಮ್ ಟಾರ್‌ಬಾಲ್ ಸಿಗಲಿಲ್ಲ ಅಂತು. ಇಟ್ಟೆ, ಆದ್ರೂ ಸಿಗಲಿಲ್ಲ ಅಂತು. ಆ ಫೈಲಿನ ಹೆಸರಿನ್ಯಾಗ ಹೆಸರಿಗೂ ವರ್ಷನ್ನಿಗೂ ನಡುವ ಅಂಡರ್‌ಸ್ಕೋರ್ ಇರಬೇಕು, ವರ್ಷನ್ ಆದಮ್ಯಾಲ ಚುಕ್ಕಿ ಓರಿಗ್ ಚುಕ್ಕಿ ಟಾರ್ ಅಂತ ಇರಬೇಕು, ನಾನು ಅಡ್ಡಗೀಟ ಹಾಕಿದ್ದೆ. ಇಷ್ಟ ತ್ರಾಸ ಆದ್ರೂ ಒಬ್ಬನ ಕೆಲಸಕ್ಕೂ ಕ್ವಿಲ್ಟ್ ಚಲೋ ಅಂತ ನನ್ನ ಅಭಿಪ್ರಾಯ, ಮಾಲು ಬ್ಯಾರೆ ಬಿಲ್ಟಿ ಬ್ಯಾರೆ ಇದ್ರ ಮುಂದ ಯಾವದರಾಗ ತಪ್ಪೈತಿ ಅಂತ ಲಗೂನ ತಿಳೀತೈತಿ.

ಡೆಬಿಯನ್ ಫೋಲ್ಡರಿನ್ಯಾಗ ಎಲ್ಪಾ ಅಂತನ ಒಂದ್ ಸಣ್ಣ ಫೈಲ್ ಬೇಕು, ಯಾವ ಯಾವ ಇಎಲ್ ಫೈಲ್ ಚೀಲದಾಗ ತುಂಬಬೇಕು ಅನ್ನೂ ಯಾದಿ ಅದು. ಸೋಮಾರಿತನಕ್ಕ ನಕ್ಷತ್ರ ಹಾಕಿ ಎಲ್ಲಾ ಇಎಲ್ ಅಂದೆ, ನನ್ನ ಟೆಸ್ಟ್ ಫೈಲೂ (ಕೋಡ್ ಸರಿ ನಡೀತೈತೋ ಇಲ್ಲೋ ನೋಡೂದು) ಹೋಗಿ ಪ್ಯಾಕೇಜಿನ್ಯಾಗ ಕುಂತಿತು. ಈಗ ಹೆಸರ ಹಿಡದು ಒಂದ ಫೈಲ್ ಬರದೇನಿ. ಕಾಪಿರೈಟ್ ಫೈಲು ಬ್ಯಾಸರ ಕೆಲಸ ಆದ್ರೂ ಸುಲಭ, ಯಾವ ಫೈಲು ಯಾರದು, ಯಾವ ಲೈಸೆನ್ಸು, ಜಿಪಿಎಲ್ ಇದ್ರ ಪೂರ್ತಿ ಪಾಠ ಹಾಕೂ ಹಂಗಿಲ್ಲ, ಎಲ್ಲಾ ಡೆಬಿಯನ್ ಮಷಿನ್ನಿನ್ಯಾಗೂ ಕಾಮನ್-ಲೈಸೆನ್ಸಸ್ ಫೋಲ್ಡರಿನ್ಯಾಗ ಐತಿ, ಅಲ್ಲಿಗೆ ಬೆರಳ ತೋರಿಸಿದ್ರ ಸಾಕು.

ಇಷ್ಟೆಲ್ಲಾ ಆಗಿ ಮೂರನೇ ಐತ್ವಾರ ನನ್ನ ಮಷಿನ್ನಿನ್ಯಾಗ ಬಿಲ್ಡ್ ಆತು. ಖುಷಿಗೆ ಲೈನ್ ಬಜಾರಿಗೆ ಹೋಗಿ ಪಾವ್‌ಕಿಲೋ ಪೇಡೆ ತಂದೆ. ಪೇಡೆ ತಿಂದು ಮುಗದಿರಲಿಲ್ಲ, ಚೊಕ್ಕ ಜಾಗಾದಾಗೂ ಒಂದ್ಸಲ ಕಟ್ಟಿ ನೋಡೂಣು ಅಂತ ಪಿಬಿಲ್ಡರ್ ಓಡಿಸಿದೆ, ಟೆಸ್ಟ್ ಎಲ್ಲಾ ಫೇಲ್.

ಪಿಬಿಲ್ಡರ್ ಏನ ಮಾಡತೈತಿ ಅಂದ್ರ, ಖಾಲಿ ಡೆಬಿಯನ್ ಒಂದನ್ನ ಬಿಚ್ಚಿ ಅದರಾಗ ನೀವ ಬಿಲ್ಡ್-ಡಿಪೆಂಡ್ಸ್‌ನ್ಯಾಗ ಬರದಷ್ಟ ಮಾತ್ರ ಹಾಕಿ ಕಟ್ಟತೈತಿ, ನಿಮ್ಮ ಮಷಿನ್ನಿನ್ಯಾಗ ಬ್ಯಾರೆ ಏನೇನ ಇತ್ತೋ ಅದರ ಸಹಾಯ ಸಿಗಂಗಿಲ್ಲ. ಅದಲ್ದ ಅದರಾಗ ಲೊಕೇಲ್ ಅನ್ನೂದು (ಮಷಿನ್ನಿಗೆ ಯಾವ ಭಾಷಾ ಅಂತ ಹೇಳೂ ಸೆಟ್ಟಿಂಗು) ಬರೇ ‘ಸಿ’ ಇರತೈತಿ, ಅಂದ್ರ ಭಾಷಾ ಇಲ್ಲದ ಊರು. ನನ್ನ ಟೆಸ್ಟುಗಳು ಒಂದ್ ಕನ್ನಡ ಟೆಕ್ಸ್ಟ್ ಫೈಲ್ ಓದಿ ಅದರಾಗಿನ ಸೊನ್ನಿ ಹುಡುಕತಿದ್ವು. ಡಿಎಚ್-ಎಲ್ಪಾ ಬಿಲ್ಡ್ ಆಗೂ ಮುಂದ ಟೆಸ್ಟ್ ಇದ್ರ ತಾನ ಓಡಸತೈತಿ. ಆ ಊರಾಗ ಇಮ್ಯಾಕ್ಸ್ ನನ್ನ ಫೈಲನ್ನ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನ ಬೈಟ್ ಮಾಡಿ ಇಡೂ ಪದ್ಧತಿ) ಅಂತ ಗುರ್ತ ಹಿಡೀಲಿಲ್ಲ. ಯುಟಿಎಫ್-8ರಾಗ ಕನ್ನಡದ ಒಂದೊಂದ ಅಕ್ಷರ, ಒಂದೊಂದ ಕೊಂಬು ದೀರ್ಘ ಎಲ್ಲಾ ಮೂರ ಮೂರ ಬೈಟ್, ಮದ್ಲನೇದು ಯಾವಾಗ್ಲೂ 224, ಎರಡನೇದು 178 ಇಲ್ಲಾ 179. ಬೈಟ್ ಬಿಡಿಬಿಡಿ ಓದಿದ್ರ 224 ಅಂದ್ರ ತಲಿ ಮ್ಯಾಲ ಗೀಟಿರೂ ಇಂಗ್ಲಿಷ್ ಎ. ಲಾಗ್ ತಗದು ನೋಡಿದ್ರ ಪುಟದ ತುಂಬ ಅದ ಎ, ಇರಿವಿ ಸಾಲ ಹೊಂಟಂಗ. ಸೊನ್ನಿನೂ ಇಲ್ಲ ಅನುಸ್ವಾರನೂ ಇಲ್ಲ, ಹುಡಕೂದೇನ?

ಇಲ್ಲೆ ಎರಡ ದಾರಿ ಇದ್ವು. ಎಲ್ಪಾ-ಟೆಸ್ಟ್ ಅಂತ ಇನ್ನೊಂದ ಸಣ್ಣ ಕಂಟ್ರೋಲ್ ಫೈಲ್ ಇಟ್ಟು ಟೆಸ್ಟ್ ಬಂದ್ ಮಾಡಿಬಿಡೂದು, ಒಂದ ಸಾಲಿನ ಕೆಲಸ. ನನ್ನ ದೋಸ್ತ ಒಬ್ಬ ಹಂಗ ಮಾಡಿಬಿಡಲೇ ಅಂದಾ. ಮಾಡಿದ್ನಿ ಕೂಡ, ರಾತ್ರಿ ಒಂದಕ್ಕ. ಮುಂಜಾನಿ ಎದ್ದು ತಗದೆ. ಯಾಕಂದ್ರ ಆ ಟೆಸ್ಟ್ ಸುಳ್ಳ ಹೇಳತಿರಲಿಲ್ಲ, ನನ್ನ ಕೋಡಿನ್ಯಾಗ ಖರೇನ ತಪ್ಪಿತ್ತು, ಫೈಲ್ ಓದೂ ಮುಂದ ಇದು ಯುಟಿಎಫ್-8 ಅಂತ ನಾನು ಎಲ್ಲೂ ಹೇಳಿರಲಿಲ್ಲ, ನನ್ನ ಮಷಿನ್ ಕನ್ನಡದ್ದ ಇದ್ದುದಕ್ಕ ನಡಕೊಂಡ ಹೋಗಿತ್ತು. ಪ್ರೆಸ್ಸಿನ್ಯಾಗ ಒಂದ್ ಮಷಿನ್ ಮ್ಯಾಲ ಸೊನ್ನಿ ಸುಮ್ನ ಏನೂ ಹುಡಕದ ಕುಂದರತೈತಿ ಅಂತ ದೂರು ಬಂದಿತ್ತು, ನಾನು ಮಷಿನ್ ಹಳೇದು ಅಂತ ತಳ್ಳಿಹಾಕಿದ್ದೆ. ಅಲ್ಲಿ ಲೊಕೇಲ್ ನೋಡಿದೆ. ‘ಸಿ’. ಒಂದ ಸಾಲು ಹಚ್ಚಿದೆ, ಓದೂದು ಯುಟಿಎಫ್-8 ಅಂತ, ಎರಡೂ ಕಡೆ ಸರಿ ಆತು.

ಕಡೀಕ ಲಿಂಟಿಯನ್, ಪ್ಯಾಕೇಜಿನ್ಯಾಗಿನ ತಪ್ಪ ಹೇಳೂ ಡೆಬಿಯನ್ ಸಾಧನ. ಎಲ್ಲಾ ಮುಗಿಸಿದ ಮ್ಯಾಲ ಮದುವಿ ಮನ್ಯಾಗ ತಪ್ಪ ಹುಡುಕೂ ಅತ್ತಿಗಿ ಹಂಗ ಬಂದು ಒಂದೊಂದ ತೋರಿಸತೈತಿ. ನಿಮ್ಮ ಸಣ್ಣ ವಿವರಣಿ ಇಂಗ್ಲಿಷಿನ ‘ಎ’ ಅನ್ನೂ ಆರ್ಟಿಕಲ್‌ನಿಂದ ಶುರು ಆಗೇತಿ, ತಗೀರಿ ಅಂತು. ತಗದೆ. ಉಳದ ಸಣ್ಣಪುಟ್ಟ ಮಾತ ಎರಡ ಕೇಳಿದೆ, ಒಂದ ಕೇಳಲಿಲ್ಲ.

ಇನ್‌ಸ್ಟಾಲ್ ಮಾಡಿದಾಗ ಏನಾಗತೈತಿ ಅಂತ ನನಗ ಭಾಳ ಸೇರಿದ್ದು. ಡೆಬ್ ಒಳಗ ಹೋಗೂದು ಬರೇ ಇಎಲ್ ಫೈಲ್, ಅದು ಎಲ್ಪಾ-ಎಸ್‌ಆರ್‌ಸಿ ಅನ್ನೂ ಫೋಲ್ಡರಿನ್ಯಾಗ ಹೋಗಿ ಇಳೀತೈತಿ, ಬೈಟ್ ಕಂಪೈಲ್ (ಇಮ್ಯಾಕ್ಸ್ ಲಗೂನ ಓದೂ ರೂಪಕ್ಕ ಬದ್ಲಿ) ಆಗೂದು ಅವರವರ ಮಷಿನ್ನಿನ್ಯಾಗ ಇನ್‌ಸ್ಟಾಲ್ ಆಗೂ ಮುಂದ, ಅಲ್ಲಿ ಇದ್ದ ಇಮ್ಯಾಕ್ಸಿನ ಕಡಿಂದ. ಹಿಟ್ಟ ಕಲಸಿ ಕೊಡೂದಿಲ್ಲ, ಜ್ವಾಳದ ಹಿಟ್ಟ ಕೊಡತಾರ, ರೊಟ್ಟಿ ಅವರ ಹಂಚಿನ ಮ್ಯಾಲ. ನಾಳೆ ಇಮ್ಯಾಕ್ಸ್ ಹೊಸಾದ ಬಂದ್ರ ಹೊಸಾದಾಗಿ ಸುಡತೈತಿ. ಎಮ್ಯಾಕ್ಸೆನ್-ಕಾಮನ್ ಅನ್ನೂ ಪ್ಯಾಕೇಜು ಇದರ ಉಸ್ತುವಾರಿ ನೋಡಿಕೊಳ್ಳತೈತಿ, ನಾವ ಒಂದ್ ಸಾಲೂ ಬರೀಬೇಕಾಗಿಲ್ಲ.

ಇನ್ನ ನೀವ ಶುರು ಮಾಡೂವ್ರಿದ್ರ ಡಿಎಚ್-ಮೇಕ್-ಎಲ್ಪಾ ಅಂತ ಒಂದ್ ಐತಿ, ನಿಮ್ಮ ಇಎಲ್ ಹೆಡರ್ ಓದಿ ಡೆಬಿಯನ್ ಫೋಲ್ಡರಿನ ಕರಡು ತಾನ ಮಾಡಿಕೊಡತೈತಿ. ನನಗ ಇದು ಗೊತ್ತಾಗಿದ್ದು ನಾಕನೇ ಐತ್ವಾರ, ಎಲ್ಲಾ ಮುಗದಮ್ಯಾಲ. ಬಯ್ಕೊಂಡೆ. ಆಮ್ಯಾಲ ಅದು ಮಾಡಿದ್ದನ್ನೂ ನಾನು ಮಾಡಿದ್ದನ್ನೂ ಬಾಜೂಬಾಜೂ ಇಟ್ಟು ನೋಡಿದಾಗ ಒಂದೊಂದ ಸಾಲು ಯಾಕ ಅಲ್ಲೈತಿ ಅಂತ ಹೇಳಾಕ ಬಂತು, ಕರಡ ನೋಡಿ ಶುರು ಮಾಡಿದ್ರ ಆ ಚುಕ್ಕಿ ಯಾಕಂತ ಕೇಳತಿರಲಿಲ್ಲ.

ಈಗ ಐದೂ ಮಷಿನ್ನಿಗೆ ಡೆಬ್ ಹೋಗೇತಿ, ನೆಟ್ ಇಲ್ಲದವಕ್ಕ ಪೆನ್‌ಡ್ರೈವಿನ್ಯಾಗನ, ಆದ್ರ ಆಪ್ಟ್ ಕಡಿಂದ. ಹೋದ ವಾರ ಅಕ್ಕಾರು ಫೋನ್ ಮಾಡಿದ್ರು, ‘ತಮ್ಮಾ, ನಿನ್ನ ಸೊನ್ನಿ ಚಲೋ ನಡದೇತಿ, ಆದ್ರ ಆಪ್ಟ್ ಶೋ ಹೊಡದ್ರ ಬರೂ ವಿವರಣ್ಯಾಗ ಒಂದ್ ಸ್ಪೆಲ್ಲಿಂಗ್ ತಪ್ಪೈತಿ ನೋಡು, ಪ್ರೂಫ್ ಯಾರ ನೋಡಿದ್ರು?’ ಅಂದ್ರು. ಯಾರೂ ನೋಡಿರಲಿಲ್ಲ. ಕೋಡ್ ಮುಟ್ಟಲಿಲ್ಲ, ಇಎಲ್ ಹೆಡರ್ 1.0 ಹಂಗ ಬಿಟ್ಟೆ, ಟಾರ್ ಫೈಲೂ ಅದ. ಕಂಟ್ರೋಲ್ ಫೈಲಿನ್ಯಾಗ ಒಂದ್ ಅಕ್ಷರ ತಿದ್ದಿ, ಡಿಸಿಎಚ್ ಕಡಿಂದ ಚೇಂಜ್‌ಲಾಗಿನ್ಯಾಗ 1.0-2 ಅಂತ ಬರಸಿದೆ.